ಗೊರಕೆ ಅಭ್ಯಾಸವಲ್ಲ ಸ್ವಾಮಿ

ಕ್ಲೇಮು ವಿಭಾಗದ ಮಾನ್ಯ ಅಧಿಕಾರಿಗಳೇ,

ನನ್ನ ಗೊರಕೆಗೆ ಯಲಹಂಕದ ಯುದ್ಧವಿಮಾನಗಳೇ ದಾರಿ ಬಿಟ್ಟು ಹಾರಿದ್ದುಂಟು. ಅಂಥ ಗೊರಕೆಯನ್ನು ತಾವು ‘ಅಭ್ಯಾಸ’ವೆಂದು ತೀರ್ಮಾನಿಸಿ, ಉಸಿರಾಟದ ಯಂತ್ರಕ್ಕಾಗಿ ನಾನು ಸಲ್ಲಿಸಿದ ವಿಮೆ ಅರ್ಜಿಯನ್ನು ತಿರಸ್ಕರಿಸಿದ್ದೀರಿ.

ತಪ್ಪು ನನ್ನದೂ ಇದೆ. ತಮ್ಮ ನಮೂನೆಯಲ್ಲಿ ‘ಅಭ್ಯಾಸಗಳು’ ಎಂಬ ಕಾಲಂ ಇತ್ತು. ಯಾವ ಕಾಲಮನ್ನೂ ಖಾಲಿ ಬಿಡಬಾರದೆಂದು ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಕಲಿಸಿದ್ದರು. ‘ಬೀಡಿ ಇಲ್ಲ, ಮದ್ಯ ಇಲ್ಲ, ಗೊರಕೆ ಉಂಟು’ ಎಂದು ದುಂಡಗೆ ಬರೆದೆ. ತಮ್ಮ ಕಿಟಕಿಯಲ್ಲಿ ಕುಳಿತವರು ಅದರ ಮೇಲೆ ಬೆರಳಿಟ್ಟರು. “ಅಭ್ಯಾಸ ಅಂತ ನೀವೇ ಬರ್ದಿದ್ದೀರಲ್ಲ ಯಜಮಾನ್ರೇ. ಬಿಟ್ಬಿಡಿ, ಸರಿಹೋಗುತ್ತೆ.” ಬಿಡುವುದು ಹೇಗೆ ಸ್ವಾಮಿ? ಬರುವ ಸೋಮವಾರದಿಂದ ಗೊರಕೆ ಬಿಡುತ್ತೇನೆಂದು ಆಣೆ ಮಾಡಿ ಬಿಟ್ಟವರನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ನಾನು ಸಹಕಾರನಗರದ ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನಿನ ಚಾಲಕ. ಜೂನ್‌ನಲ್ಲಿ ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ನನ್ನ ರೆಪ್ಪೆಯೂ ಬಿತ್ತು. “ಅಂಕಲ್, ಗ್ರೀನ್ ಬಂದು ಹೋಯ್ತು! ಮತ್ತೆ ರೆಡ್ಡು!” ಎಂದು ಹನ್ನೆರಡು ಮಕ್ಕಳು ಕೇಕೆ ಹಾಕಿದರು. ನಾನೂ ನಕ್ಕೆ. ಸಂಜೆ ವ್ಯಾನು ತೊಳೆಯುವಾಗ ಮಕ್ಕಳ ಸೀಟುಗಳನ್ನು ಒಂದೊಂದಾಗಿ ಎಣಿಸಿದೆ. ಗಾಡಿ ಓಡುತ್ತಿದ್ದಾಗ ರೆಪ್ಪೆ ಬಿದ್ದಿದ್ದರೆ?

ಆಮೇಲೆ ನಾನು ತೋರಿಸಿಕೊಂಡ ಡಾಕ್ಟರ್ ಫಾಯಿಜಾ ಅವರ ಮುಂದೆ ನನ್ನ ಹೆಂಡತಿ ಮುನಿಯಲ್ಲಮ್ಮ ಹೇಳಿದ್ದನ್ನೂ ಕೇಳಿ: “ಗೊರಕೆ ಹೊಡ್ಕೊಳ್ಲಿ ಮೇಡಂ, ಆ ಸದ್ದು ನಂಗೆ ಅಭ್ಯಾಸ ಆಗೈತೆ. ಅದು ನಿಂತೋದಾಗ್ಲೇ ಭಯ. ಇವ್ರ ಮೂಗಿನತ್ರ ಬೆರಳಿಟ್ಕೊಂಡು ಕೂತಿರ್ತೀನಿ.”

ನಿದ್ದೆಯ ಪರೀಕ್ಷೆಯಾಯಿತು. ಗಂಟಲು ಮುಚ್ಚಿಕೊಂಡು, ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ನಿಲ್ಲುತ್ತದೆ. ಹೀಗೇ ಬಿಟ್ಟರೆ ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಕಾದಿವೆಯಂತೆ. ತೂಕ ಇಳಿಸಿ, ಮಗ್ಗುಲಾಗಿ ಮಲಗಿ ಎಂದರು. ಕೆಲವರಿಗೆ ಹಲ್ಲಿಗೆ ತೊಡುವ ಸಾಧನ, ಕೆಲವರಿಗೆ ಶಸ್ತ್ರಚಿಕಿತ್ಸೆ ಸಾಕಾಗುತ್ತದೆ. ನನ್ನ ಮಟ್ಟಕ್ಕೆ ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವೇ ಆಗಬೇಕು. “ಅದು ಬರೋವರೆಗೂ ಸ್ಟೇರಿಂಗ್ ಮುಟ್ಟಬೇಡಿ ಅಂಕಲ್” ಎಂದರು ಡಾಕ್ಟರ್. ಮುಟ್ಟಿಲ್ಲ. ವ್ಯಾನು ಮೂರು ತಿಂಗಳಿಂದ ಅಮೃತಹಳ್ಳಿಯ ಮನೆ ಮುಂದೆ ನಿಂತಿದೆ. ಅದರೊಳಗೆ ಬೆಕ್ಕು ಮರಿ ಹಾಕಿದೆ. ಇದು ಯಾವ ಅಭ್ಯಾಸ ಸ್ವಾಮಿ, ಉಸಿರು ನಿಲ್ಲಿಸುವ ಅಭ್ಯಾಸವೇ?

ನನ್ನ ಆ ಒಂದು ಪದವನ್ನು ಹೊಡೆದುಹಾಕಿ, ಡಾಕ್ಟರರ ವರದಿಯನ್ನು ಓದಿ, ಹದಿನೈದು ದಿನದೊಳಗೆ ಯಂತ್ರ ಮಂಜೂರು ಮಾಡಿ. ತಾವು ತಡಮಾಡಿದಷ್ಟೂ ನನ್ನಂಥವರು ಫೋನಿನ ಜಾಹೀರಾತಿಗೆ ಬೀಳುತ್ತಾರೆ. ಇಷ್ಟು ಬುದ್ಧಿವಂತನಾದ ನಾನೇ ಬಿದ್ದೆ, ಗೊರಕೆ ನಿಲ್ಲಿಸುವ ಅಯಸ್ಕಾಂತದ ಮೂಗುಬಳೆಗೆ. ಮನೆಯಲ್ಲಿ ಮುನ್ನೂರು ರೂಪಾಯಿ ಎಂದಿದ್ದೇನೆ. ಕೊಟ್ಟದ್ದು ಹನ್ನೊಂದು ಸಾವಿರದ ನಾನೂರು.

ಇಂತಿ,
ಸದ್ಯಕ್ಕೆ ಉಸಿರಾಡುತ್ತಿರುವ
ಮುನಿಆಂಜಿನಪ್ಪ, ಅಮೃತಹಳ್ಳಿ