ರಜೆಯಲ್ಲಿ ಮಗಳು ಹೇಗಿದ್ದಳು

ಹಂಗಾರಕಟ್ಟೆ
೧೨ ನವೆಂಬರ್ ೨೦೨೫

ನನ್ನ ಹಟಮಾರಿ ಮಗಳು ಚಂದನಾಳಿಗೆ, ಅವಳಿಗಿಂತ ಹಟಮಾರಿ ಅಮ್ಮನ ಮುತ್ತುಗಳು.

ನಾನು ನಾಲ್ಕು ಸಲ ಫೋನ್ ಮಾಡಿದೆ, ನೀನು ನಾಲ್ಕು ಸಲವೂ ಕಟ್ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಓದು.

ಮುಂದಿನ ವಾರ ಗುರುವಾರ ನೀನು ಬೆಂಗಳೂರಿನಲ್ಲಿ ವಾಯುಪಡೆಯ ವೈದ್ಯರ ಮುಂದೆ ನಿಲ್ಲುತ್ತೀ. ನಿನಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷ. ಯುದ್ಧವಿಮಾನ ಮತ್ತೆ ಹಾರಿಸಲು ಕೊಡಿ ಎಂದು ಕೇಳುತ್ತೀ. ರಜೆಯಲ್ಲಿ ಮಗಳು ಹೇಗಿದ್ದಳು, ಬರೆದು ಕಳಿಸಿ ಎಂದು ಆ ವೈದ್ಯರು ನನ್ನನ್ನೂ ಕೇಳಿದ್ದಾರೆ. ಚೆನ್ನಾಗಿದ್ದಳು ಎಂದು ಬರೆ ಎನ್ನುವುದು ನಿನ್ನ ಅಪ್ಪಣೆ.

ಚೆನ್ನಾಗಿಯೇ ಇದ್ದೆ ಮಗಾ. ಎರಡೆರಡು ಬಟ್ಟಲು ಗಂಜಿ ಉಂಡೆ, ನಿನ್ನ ವನಜತ್ತೆಯನ್ನು ಗೋಳು ಹೊಯ್ದುಕೊಂಡೆ. ಆದರೆ ಆ ಭಾನುವಾರ ಮೆಟ್ಟುಕತ್ತಿ ಮುಂದೆ ಕೂತು ಬಂಗುಡೆ ಮೀನು ಕೊಯ್ಯುವಾಗ ನಿನ್ನ ಎಡಗೈ ಬೆರಳು ಸೀಳಿತು. ನೀನು ಕೊಯ್ಯುತ್ತಲೇ ಇದ್ದೆ. ಎಂತ ಹೆಣೆ, ನಿನ್ನ ಕೈ ಕಾಣ್ ಎಂದು ನಾನು ಕೂಗಿದೆ. ಮೀನಿನ ರಕ್ತ ಎಂದು ನೀನು ನಕ್ಕೆ. ತೊಳೆದ ಮೇಲೂ ರಕ್ತ ಬಂತು, ನಿನಗೆ ನೋವು ಗೊತ್ತಾಗಲಿಲ್ಲ. ಆಗ ನೀನು ನನ್ನ ಸೆರಗು ಹಿಡಿದುಕೊಂಡು ಹೇಳಿದೆ: "ಯಾರ್ ಹತ್ರೂ ಹೇಳ್ಬೇಡ ಅಮ್ಮ. ನಂಗೆ ಮತ್ತೆ ಹಾರ್ಕ್, ಹಾರ್ಲೇಬೇಕು."

ಹೆಣ್ಣು ಮಗು, ಇಷ್ಟು ಸಾಕು, ಇನ್ನು ಕುರ್ಚಿ ಕೆಲಸ ಮಾಡಲಿ ಅಂದವರ ಬಾಯಿ ಮುಚ್ಚಿಸಿದವಳು ನಾನು. ಮೀನು ಮಾರುವ ಹೆಂಗಸರನ್ನು ಬಂದರಿನಿಂದ ಎಬ್ಬಿಸಲು ಬಂದಾಗ ಬುಟ್ಟಿ ಸಮೇತ ಹನ್ನೊಂದು ದಿನ ಕೂತವಳು. ಜಾಗ ಬಿಡು ಅನ್ನುವುದು ನನ್ನ ಬಾಯಲ್ಲಿ ಸುಲಭಕ್ಕೆ ಬರುವ ಮಾತಲ್ಲ. ಆದರೆ ವಿಮಾನ ಗಕ್ಕನೆ ತಿರುಗಿದರೆ ಮೈ ಏಳು ಪಟ್ಟು ಭಾರವಾಗುತ್ತದೆ, ತಲೆಯ ರಕ್ತ ಕಾಲಿಗೆ ಇಳಿಯುತ್ತದೆ ಎಂದು ಹೇಳಿಕೊಟ್ಟವಳು ನೀನೇ. ಆ ಹೊತ್ತಿನಲ್ಲಿ ಆ ಕೈಯನ್ನು ನಂಬುತ್ತೀಯಾ? ಪಕ್ಕದ ವಿಮಾನದಲ್ಲಿ ಹಾರುವವನ ಅಮ್ಮನಿಗೆ ನಾನು ಏನು ಹೇಳಲಿ?

ಇನ್ನೊಂದಿದೆ. ನಿನ್ನ ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ಬೋಟಿನ ಯಜಮಾನ ಚಂದಯ್ಯ ಅಪ್ಪನನ್ನು ಕಡಲಿಗೆ ಕರೆದುಕೊಂಡು ಹೋಗಲಿಲ್ಲವಲ್ಲ, ಬೇಡ ಎಂದು ಅವನಿಗೆ ಗುಟ್ಟಾಗಿ ಹೇಳಿದ್ದು ನಾನು. ಅಪ್ಪ ಸಾಯುವವರೆಗೂ ಚಂದಯ್ಯನನ್ನೇ ಬೈದರು. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟಿದೆ. ಅದು ಹೇಡಿ ಕೆಲಸ. ನಿನಗೆ ಅದನ್ನು ಮಾಡಲಾರೆ.

ಕಂಡದ್ದನ್ನೆಲ್ಲ ವೈದ್ಯರಿಗೆ ಬರೆದಿದ್ದೇನೆ. ಇದರ ಜೊತೆಗೇ ಇವತ್ತು ಅಂಚೆಗೆ ಹಾಕುತ್ತೇನೆ. ಬೈಯಬೇಕೆಂದರೆ ಮನೆಗೆ ಬಂದು ಬೈ. ಕೋಳಿ ಸುಕ್ಕ ಮಾಡಿಡುತ್ತೇನೆ.

ಎಷ್ಟು ಜಗಳವಾಡಿದರೂ ನಿನ್ನವಳೇ,
ಅಮ್ಮ
ಜಲಜ

ವಿ.ಸೂ.: ಅಂಚೆ ಕಚೇರಿಯಲ್ಲಿ ಎರಡು ಲಕೋಟೆ ಹಿಡಿದು ಬಹಳ ಹೊತ್ತು ನಿಂತೆ. ವೈದ್ಯರಿಗೆ ಬರೆದದ್ದನ್ನು ಇದರೊಳಗೇ ಇಟ್ಟಿದ್ದೇನೆ. ನನ್ನ ಹತ್ತಿರ ಅದರ ನಕಲು ಇಲ್ಲ, ಇನ್ನೊಂದು ಬರೆಯುವುದೂ ಇಲ್ಲ. ಗುರುವಾರ ನೀನೇ ಅವರಿಗೆ ಕೊಡು.