ಸೋಪಿಗೆ ಹೋಗದ ನೀಲಿ

ಮಾರ್ಚ್ ೧೧, ಮಂಗಳವಾರ

ಇವರ ತುಟಿಗೆ ಸೋಪು ಹಚ್ಚಿ ಉಜ್ಜಿದವಳು ನಾನೇ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಬಂದ ಗಂಡನ ತುಟಿ ನೀಲಿಯಾಗಿದ್ದರೆ ಬಣ್ಣವೆನ್ನದೆ ಇನ್ನೇನೆನ್ನಲಿ? “ಉಸಿರು ಸಾಲ್ತಿಲ್ಲ ಕಣೇ” ಅಂದರು. “ಮೊದಲು ಮುಖ ತೊಳ್ಕೊಳ್ಳಿ” ಎಂದು ಗದರಿದೆ.

ಆಸ್ಪತ್ರೆಯಲ್ಲಿ ತೆಗೆದ ರಕ್ತ ಕೆಂಪಗಿರಲಿಲ್ಲ, ಕರಿ ಕಾಫಿಯಂತಿತ್ತು. “ಬಣ್ಣದ ರಾಸಾಯನಿಕ ಚರ್ಮದಿಂದ ಒಳಗೆ ಹೋಗಿದೆ. ರಕ್ತಕ್ಕೆ ಆಮ್ಲಜನಕ ಹೊರೋಕೆ ಆಗ್ತಿಲ್ಲಮ್ಮ” ಎಂದರು ಡಾಕ್ಟರು. ಔಷಧವೂ ನೀಲಿಯೇ! ನರಕ್ಕೆ ಕೊಟ್ಟ ಒಂದು ಗಂಟೆಯಲ್ಲಿ ತುಟಿ ಕೆಂಪಾಯಿತು. “ನಿನ್ನ ಸೋಪಿಗಿಂತ ಇದೇ ವಾಸಿ” ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಇವರ ಕೆಲಸದ ಅಂಗಿಗಳನ್ನೆಲ್ಲ ಬರಿಗೈಯಲ್ಲಿ ಒಗೆದುಹಾಕಿದೆ. ಈಗ ನನ್ನ ಉಗುರು ನೀಲಿಯಾಗಿದೆ. ಬಣ್ಣವೇ ಇರಬೇಕು. ಎರಡು ಸಲ ಸೋಪು ಹಚ್ಚಿದೆ, ಹೋಗುತ್ತಿಲ್ಲ