ಒಬ್ಬರೇ ಮಾಸ್ತರರ ಶಾಲೆ

ಖಡಕವಾಸಲಾ
೧೨ ನವೆಂಬರ್ ೧೯೮೪

ಪೂಜ್ಯ ಉಮರಸಾಬ ಮಾಸ್ತರರಿಗೆ ಯಮನೂರಪ್ಪನ ನಮಸ್ಕಾರಗಳು.

ಈ ಸೇನಾ ಅಕಾಡೆಮಿಗೆ ಬಂದಾಗ ಸೈನಿಕ ಶಾಲೆಯವರಿಗೆ ಕವಾಯತು ಗೊತ್ತಿತ್ತು, ಕಾನ್ವೆಂಟಿನವರಿಗೆ ಇಂಗ್ಲಿಷ್ ಗೊತ್ತಿತ್ತು. ನನಗೆ ಎರಡೂ ಅಷ್ಟಕ್ಕಷ್ಟೆ. ಮೊದಲ ವರ್ಷ ಬಹಳ ಬೈಸಿಕೊಂಡೆ. ಅದನ್ನು ಅವ್ವನಿಗೆ ಹೇಳಬೇಡಿ.

ಕಳೆದ ತಿಂಗಳು ಶಿಬಿರದಲ್ಲಿ ಮೂವತ್ತು ಜನರನ್ನು ನನ್ನ ಕೈಗೆ ಕೊಟ್ಟು, ಹಳ್ಳಕ್ಕೆ ಸೇತುವೆ ಕಟ್ಟಿಸು ಎಂದರು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನೀವು ಯಲಬುರ್ಗಾಕ್ಕೆ ಮೀಟಿಂಗಿಗೆ ಹೊರಟರೆ, "ಯಮನೂರ, ನಾ ಬರೂತನಕ ಸಾಲಿ ನಿಂದಪಾ" ಎನ್ನುತ್ತಿದ್ದಿರಿ. ಒಂದನೆಯವರಿಗೆ ಅಕ್ಷರ ತಿದ್ದಲು, ಎರಡನೆಯವರಿಗೆ ಮಗ್ಗಿ, ಮೂರನೆಯವರಿಗೆ ಲೆಕ್ಕ ಹಚ್ಚಿ ನಾನು ನಡುವೆ ನಿಲ್ಲುತ್ತಿದ್ದೆ. ಇಲ್ಲಿಯೂ ಹಾಗೆಯೇ ಮೂರು ಗುಂಪು ಮಾಡಿ, ಬೇರೆ ಬೇರೆ ಕೆಲಸ ಹಚ್ಚಿ ನಿಂತೆ. ಉಳಿದ ತಂಡಗಳಿಗಿಂತ ನಮ್ಮ ಸೇತುವೆಯೇ ಮೊದಲು ಮುಗಿಯಿತು. ಯಾವ ಸೈನಿಕ ಶಾಲೆ ನಿನ್ನದು ಎಂದು ಮೇಜರ್ ಸಾಹೇಬರು ಕೇಳಿದರು. ಒಬ್ಬರೇ ಮಾಸ್ತರರ ಶಾಲೆ, ಸರ್, ಎಂದೆ.

ಡಿಸೆಂಬರಿನಲ್ಲಿ ನಮ್ಮ ಕೊನೆಯ ಪರೇಡ್ ಇದೆ. ಅದನ್ನು ನೋಡಲು ಎರಡು ಪಾಸು ಕಳಿಸಿದ್ದೇನೆ. ಕೊಪ್ಪಳದಲ್ಲಿ ರೈಲು ಹತ್ತಿ ಅವ್ವನನ್ನು ನೀವೇ ಕರೆತರಬೇಕು. ಶಾಲೆ ಬಿಟ್ಟು ಹೇಗೆ ಬರಲಿ ಎನ್ನಬೇಡಿ. ನಾಲ್ಕನೆಯ ತರಗತಿಯವರ ಕೈಗೆ ಕೊಟ್ಟು ಬನ್ನಿ. ಅವರೂ ಕಲಿಯಲಿ.

ನಿಮ್ಮ ವಿದ್ಯಾರ್ಥಿ,
ಯಮನೂರಪ್ಪ